ವಿಯೋಲಾಗೊಂದು ಕುರ್ಚಿ

ಕಿಲಿಯಾನ್ ಸ್ವರದ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ. ನಕಲುಗಾರನ ದುಂಡಕ್ಷರದಲ್ಲಿ 'ವಿಯೋಲಾ' ಎಂದೇ ಬರೆದಿತ್ತು.

ಕಾರ್ನಿವಲ್ ಕುಣಿತಕ್ಕೆ ವಿಯೋಲಾ! ಆಸ್ಥಾನದ ವಾದ್ಯವೃಂದದಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಕಮಾನು ಎಳೆಯುತ್ತಿದ್ದ. ಚರ್ಚಿನ ಪೂಜೆಗೆ ಅವನು ಬೇಕು, ರಾಜಕುಮಾರರ ಊಟದ ಹೊತ್ತಿನ ಸಂಗೀತಕ್ಕೂ ಬೇಕು. ಕುಣಿತಕ್ಕೆ ಮಾತ್ರ ಬೇಡ. ಎರಡು ಸಾಲು ಪಿಟೀಲು, ಕೆಳಗೆ ಮಂದ್ರದ ತಂತಿಗಳು, ಜೊತೆಗೆ ಕೊಳಲು, ಕಹಳೆ ಇದ್ದರೆ ಜನ ಹೆಜ್ಜೆ ಹಾಕುತ್ತಾರೆ. ಪಿಟೀಲಿಗಿಂತ ತುಸು ದೊಡ್ಡದಾದ, ಶೀತವಾದವರ ದನಿಯ ಈ ವಾದ್ಯ ಅಲ್ಲಿ ಯಾರಿಗೂ ಬೇಕಿಲ್ಲ. ಅಪ್ಪಂದಿರ ಕಾಲದಿಂದ ನಡೆದುಬಂದ ಪದ್ಧತಿ ಅದು. ಹಾಗಾಗಿ ಪ್ರತಿ ಕಾರ್ನಿವಲ್ ಸಂಜೆ ಅವನು ಮೇಲಿನ ಗ್ಯಾಲರಿಯಲ್ಲಿ ಹೆಂಡತಿ ಥೆಕ್ಲಾಳ ಪಕ್ಕ ಕೈಕಟ್ಟಿ ಕೂತು, ಗೊಣಗುತ್ತ ಹೊತ್ತು ಕಳೆಯುತ್ತಿದ್ದ.

"ಏನಪ್ಪಾ, ಈ ಸಲ ನಿನಗೂ ಕುರ್ಚಿ ಹಾಕ್ಸಿದಾರಂತೆ!" ಎರಡನೇ ಪಿಟೀಲಿನ ವೆಂಡೆಲಿನ್ ಕಣ್ಣು ಮಿಟುಕಿಸಿದ. "ಹಾಗಾದ್ರೆ ಮೇಲೆ ಹೆಂಡ್ತಿ ಪಕ್ಕ ಯಾರು ಕೂರ್ತಾರೆ?"

ಯಾರು ಕೂರುತ್ತಾರೆಂದು ಕಿಲಿಯಾನ್‌ಗೆ ಗೊತ್ತಿತ್ತು. ಆಸ್ಥಾನ ಸಂಯೋಜಕ ಡಾಮಿಯಾನ್ ಪ್ರೋಬ್ಸ್ಟ್. ಹೆಂಡತಿ ಸತ್ತ ಮನುಷ್ಯ, ನಲವತ್ತೆಂಟರಲ್ಲೂ ನೆಟ್ಟಗಿದ್ದಾನೆ. ಕುಣಿತದ ಸಂಗೀತವನ್ನು ಅವನು ತಾನೇ ನಡೆಸುವುದಿಲ್ಲ. ಮೊದಲ ಪಿಟೀಲಿನವನಿಗೆ ಒಪ್ಪಿಸಿ ಮೇಲೆ ಹೋಗಿ ಕೂರುತ್ತಾನೆ.

ಮೂರು ವರ್ಷದಿಂದ ಥೆಕ್ಲಾ ಮಂಗಳವಾರ, ಶುಕ್ರವಾರ ಅವನ ಮನೆಗೆ ಹೋಗುತ್ತಿದ್ದಳು. ಅಂಗಿಯ ಕಸೂತಿ ಅಂಚು ಹೊಲಿಯಲು ಎನ್ನುತ್ತಿದ್ದಳು.

"ಸೂಜಿ ಹಿಡಿದ ಬೆರಳಿಗೆ ಮಸಿ ಹೇಗಾಯ್ತು?" ಒಮ್ಮೆ ಕಿಲಿಯಾನ್ ಕೇಳಿದ್ದ.

"ಅಗಸರಿಗೆ ಕೊಡೋ ಮುಂಚೆ ಬಟ್ಟೆಗೆಲ್ಲ ಗುರುತು ಹಾಕ್ಬೇಕಲ್ರೀ," ಎಂದು ಕೈಯನ್ನು ಸೆರಗಿನಂಥ ಏಪ್ರನ್ನಿನೊಳಗೆ ಮುಚ್ಚಿಕೊಂಡಿದ್ದಳು.

ಹಿಂದಿನ ಶುಕ್ರವಾರ ತಡೆಯಲಾರದೆ ಅವಳ ಹಿಂದೆಯೇ ಹೋಗಿ ಪ್ರೋಬ್ಸ್ಟನ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ. ಒಳಗೆ ಕ್ಲಾವಿಯರ್ ವಾದ್ಯ ಎರಡು ಸ್ವರ ನುಡಿದು ಸುಮ್ಮನಾಯಿತು.

"ಗಂಡನಿಗೆ ಹೇಳಿದ್ಯಾ?" ಪ್ರೋಬ್ಸ್ಟನ ದನಿ.

"ಇನ್ನೂ ಇಲ್ಲ. ಕಾರ್ನಿವಲ್ ಸಂಜೆ ಅವ್ರು ಕೆಳಗೆ ಕೂತ ಮೇಲೆ ತಿಳಿದ್ರೆ ಸಾಕು."

"ಕೋಪ ಮಾಡ್ಕೊಂಡ್ರೆ?"

"ಕೋಪ ಮಾಡ್ಕೊಳ್ಳೋಕೆ ಆಗ ಅವ್ರ ಕೈ ಖಾಲಿ ಇರಲ್ಲ ಬಿಡಿ!" ಎಂದು ನಕ್ಕಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ತನ್ನೆದುರು ಹಾಗೆ ನಕ್ಕದ್ದು ಕಿಲಿಯಾನ್‌ಗೆ ನೆನಪಾಗಲಿಲ್ಲ.

ಅಭ್ಯಾಸದ ದಿನ ಇನ್ನೊಂದು ತಿಳಿಯಿತು. ಆ ಹಾಳೆಯ ಮಿನ್ಯುಎಟ್ ಕುಣಿತದ ನಡುಭಾಗದಲ್ಲಿ ಪಿಟೀಲುಗಳೆಲ್ಲ ಸುಮ್ಮನಾಗಿ, ಮಂದ್ರದ ತಂತಿಗಳ ಮಿಡಿತದ ಮೇಲೆ ವಿಯೋಲಾ ಒಂದೇ ಹಾಡಬೇಕಿತ್ತು. ಹಾಡೇನೋ ಕೈಗೆ ಬೆಣ್ಣೆಯ ಹಾಗೆ ಕೂತಿತು. ಯಾಕೆಂದು ಆಮೇಲೆ ಹೊಳೆಯಿತು. ಇಡೀ ಸಾಲಿನಲ್ಲಿ ಎಡಗೈಯ ಕಿರುಬೆರಳು ಬೇಕಾಗುವ ಸ್ವರ ಒಂದೂ ಇರಲಿಲ್ಲ. ಅವನ ಕಿರುಬೆರಳು ಮಡಚುವುದಿಲ್ಲ. ಕೆಲಸ ಹೋದೀತೆಂದು ಹತ್ತೊಂಬತ್ತು ವರ್ಷ ಮುಚ್ಚಿಟ್ಟ ಸಂಗತಿ; ಥೆಕ್ಲಾ ಒಬ್ಬಳಿಗೇ ಗೊತ್ತು. ಅದನ್ನೂ ಪ್ರೋಬ್ಸ್ಟನಿಗೆ ಹೇಳಿದ್ದಾಳೆ! ಅಷ್ಟು ಹೇಳಿದವಳು ಇನ್ನೇನು ಉಳಿಸಿದ್ದಾಳು?

ಕಾರ್ನಿವಲ್ ಸಂಜೆ ಸಭಾಂಗಣ ತುಂಬಿತ್ತು. ರಾಜಕುಮಾರರಿಗೆ ಹೆಣ್ಣು ಕೊಡುವವರು ಬಂದಿದ್ದರು. ಹಿಂದಿನ ವರ್ಷ ಒಂದೇ ಸ್ವರ ಒಡೆಯಿತೆಂದು ಕಹಳೆಯವನ ಕೆಲಸ ಕಳೆದ ರಾಜಕುಮಾರ ಇವರು.

ಮಿನ್ಯುಎಟ್ ಶುರುವಾಯಿತು. ಕಿಲಿಯಾನ್ ತಲೆಯೆತ್ತಿದ. ಗ್ಯಾಲರಿಯಲ್ಲಿ ತನ್ನ ಜಾಗದಲ್ಲೇ ಪ್ರೋಬ್ಸ್ಟ್ ಕೂತಿದ್ದ. ನಡುಭಾಗ ಹತ್ತಿರವಾದಂತೆ ಥೆಕ್ಲಾ ಮುಂದಕ್ಕೆ ಬಾಗಿ, ಪ್ರೋಬ್ಸ್ಟನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನೂರು ಜನರ ಎದುರಿಗೆ!

ಪಿಟೀಲುಗಳು ನಿಂತವು. ಕಿಲಿಯಾನ್ ಕಮಾನನ್ನು ತೊಡೆಯ ಮೇಲಿಟ್ಟ.

ಮಂದ್ರದ ತಂತಿಗಳು ಒಂಟಿಯಾಗಿ ಎರಡು ಸಲ ಮಿಡಿದು ಸುಮ್ಮನಾದವು. ಕುಣಿಯುತ್ತಿದ್ದವರು ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಒಬ್ಬರಿಗೊಬ್ಬರು ತಗುಲಿದರು. ಅತಿಥಿಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಾಜಕುಮಾರರ ಮುಖ ಕೆಂಪಾಯಿತು.

"ಏನಿದು?"

"ನುಡಿಸೋಕೆ ಆಗೋ ಹಾಗೆ ಬರೆದಿಲ್ಲ, ಪ್ರಭುಗಳೇ," ಕಿಲಿಯಾನ್ ಎದ್ದು ನಿಂತು ಬಾಗಿದ. "ಕುಣಿತದ ಸಂಗೀತವೇ ಅಲ್ಲ ಇದು. ಕೈ ಬಾರದವರು ಗೀಚಿದ ಹಾಗಿದೆ."

ಪ್ರೋಬ್ಸ್ಟ್ ಮೆಟ್ಟಿಲಿಳಿದು ಬಂದು ನಿಂತ.

"ಕುಣಿತಕ್ಕೆ ವಿಯೋಲಾ ಹಾಕಿದ್ದು ನೀವೇನಾ?" ರಾಜಕುಮಾರರು ಕೇಳಿದರು.

ಪ್ರೋಬ್ಸ್ಟ್ ಒಮ್ಮೆ ಗ್ಯಾಲರಿಯತ್ತ ನೋಡಿದ. ಥೆಕ್ಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಹೌದು, ಪ್ರಭುಗಳೇ. ತಪ್ಪು ನನ್ನದೇ."

"ನಾಳೆಯೊಳಗೆ ಊರು ಬಿಡಿ."

ಕಿಲಿಯಾನ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಮಂಗಳವಾರವಿಲ್ಲ, ಶುಕ್ರವಾರವಿಲ್ಲ. ಹಳೆಯ ಕುಣಿತವೊಂದು ಶುರುವಾಯಿತು. ವಿಯೋಲಾ ಇಲ್ಲದ್ದು. ಅವನು ಕೈಕಟ್ಟಿ ಕೂತ.

ಪ್ರೋಬ್ಸ್ಟ್ ಬಳಿಗೆ ಬಂದು, ಅವನ ಮುಂದಿದ್ದ ಹಾಳೆಯನ್ನು ಜೋಪಾನವಾಗಿ ಮಡಚಿದ.

"ಬೇಜಾರಾಯ್ತಾ, ಯಜಮಾನ್ರೇ?" ಕಿಲಿಯಾನ್ ಹಲ್ಲು ಕಿರಿದ.

"ನನಗಲ್ಲಪ್ಪ," ಎಂದ ಪ್ರೋಬ್ಸ್ಟ್ ಮೆಲ್ಲಗೆ. "ಕಾರ್ನಿವಲ್ ಬಂದಾಗಲೆಲ್ಲ ನಮ್ಮವ್ರೊಬ್ರೇ ಕೈಕಟ್ಟಿ ಕೂರ್ತಾರೆ, ನೋಡೋಕಾಗಲ್ಲ ಅಂತ, ಮೂರು ವರ್ಷ ನನ್ನ ಹತ್ರ ಸ್ವರ ಬರೆಯೋದು ಕಲಿತು ಇದನ್ನ ಬರೆದವಳು ನಿನ್ನ ಹೆಂಡ್ತಿ."