ಒಂದೇ ಜಾಗ

ಸಂಜೆ ಐದೂಕಾಲು. ತದಡಿಯ ವಾಲಿಬಾಲ್ ಸಂಘದ ಗೌರವದ ಗೋಡೆಯಲ್ಲಿ ಒಬ್ಬ ಹಳೆಯ ಆಟಗಾರನ ಫೋಟೋಗೆ ಮಾತ್ರ ಜಾಗ ಉಳಿದಿತ್ತು. ಹೆಸರು ಎರಡಿದ್ದವು: ಸ್ಮ್ಯಾಷ್ ಹೊಡೆಯುತ್ತಿದ್ದ ಭಾಸ್ಕರ, ಹದಿನಾಲ್ಕು ವರ್ಷ ಅವನಿಗೆ ಚೆಂಡು ಎತ್ತಿಕೊಟ್ಟ ಮಾಸ್ತಿ. ಆಯ್ಕೆಗೆಂದು ಕರೆದ ಸಭೆಯಲ್ಲೇ ಇಬ್ಬರೂ ಕೂತಿದ್ದರು.

“ಮಾಸ್ತಿ ಎತ್ತಿಕೊಡದಿದ್ರೆ ಇಂವ ಎಂತ ಗಾಳಿಗೆ ಹೊಡೀತಿದ್ನಾ?” ಎಂದ ಸಂಘದ ಸದಸ್ಯ ನಾಗು. ಎಲ್ಲರೂ ನಕ್ಕರು. ಅಧ್ಯಕ್ಷರು ಭಾಸ್ಕರನತ್ತ ತಿರುಗಿ, “ನೀನೇ ಹೇಳು ಮಾರಾಯ. ನೀನು ಹೇಳಿದ್ರೆ ಆತು,” ಎಂದರು.

ಮಾಸ್ತಿಯ ಹೆಸರು ಭಾಸ್ಕರನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು, “ಸ್ಕೋರ್ ಪುಸ್ತಕದಲ್ಲಿ ಯಾರ ಪಾಯಿಂಟ್ ಎಷ್ಟು, ನೋಡಿ,” ಎಂದುಬಿಟ್ಟ. ಎತ್ತಿಕೊಟ್ಟವನಿಗೆ ಆ ಪುಸ್ತಕದಲ್ಲಿ ಪಾಯಿಂಟ್ ಬರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಐದೂವರೆಗೆ ಭಾಸ್ಕರನ ಹೆಸರನ್ನು ಮತಕ್ಕೆ ಹಾಕಿದರು. ಮೊದಲು ಕೈ ಎತ್ತಿದವನು ಮಾಸ್ತಿ.