ಎರಡು ಮಸೀದಿಗಳ ಹೆಣ

ಮೈಮೂನಾಳ ಗಂಡನ ಹೆಣ ಅಂಗಳದ ಬಿಸಿಲಿಗೆ ಉಬ್ಬತೊಡಗಿತ್ತು. ಓಣಿಯ ಎರಡು ಮಸೀದಿಗಳಲ್ಲಿ ಹತ್ತಿರ ಯಾವುದು ಸಿಕ್ಕಿತೋ ಅಲ್ಲಿ ನಮಾಜು ಮಾಡಿದ್ದೇ ಅವನ ತಪ್ಪು.

“ಅವ ಆ ಮಸೀದಿಯವ. ನಾವು ಅವನ ಹೆಣಕ್ಕ ಜನಾಜಾ ನಮಾಜು ಮಾಡಂಗಿಲ್ಲ,” ಎಂದರು ಈ ಮಸೀದಿಯ ಅಧ್ಯಕ್ಷರು.

“ಇವರ ಹಿಂದ ನಮಾಜಿಗೆ ನಿಂತವ, ಇವರೇ ಮಾಡ್ಲಿ,” ಎಂದರು ಆ ಮಸೀದಿಯವರು.

“ಜಗತ್ತಿನ ಮುಸ್ಲಿಮರೆಲ್ಲ ಒಂದೇ ಅಂತ ನಿನ್ನೆ ಇಬ್ರೂ ಮೈಕಿನಾಗ ಒದರಿದ್ರಲ್ರೀ ಸಾಹೇಬ್ರ! ನಮ್ಮ ಓಣಿ ಜಗತ್ತಿನಾಗ ಇಲ್ಲೇನು?” ಎಂದಳು ಮೈಮೂನಾ.

“ಅದು ದೂರದೇಶದವರ ಸಲುವಾಗಿ ಹೇಳಿದ್ದು, ತಂಗಿ,” ಎಂದರು ಅಧ್ಯಕ್ಷರು.

“ಹಂಗಾರ ಸರೀರಿ. ನಾನೇ ಮುಂದ ನಿಂತು ನಮಾಜು ಮಾಡಿಸ್ತೀನಿ, ನಾನೇ ಮಣ್ಣು ಕೊಡ್ತೀನಿ!”

ಮೈಮೂನಾ ತನ್ನ ಮೂವರು ಹೆಣ್ಣುಮಕ್ಕಳೊಂದಿಗೆ ಹೆಣಕ್ಕೆ ಹೆಗಲು ಕೊಟ್ಟು ನಡೆದೇಬಿಟ್ಟಳು.

ಹನ್ನೆರಡು ವರ್ಷಗಳಿಂದ ಒಬ್ಬರ ಸಲಾಮಿಗೆ ಒಬ್ಬರು ಉತ್ತರಿಸದ ಎರಡೂ ಮಸೀದಿಗಳ ಗಂಡಸರು, ಹೆಂಗಸರು ಕಾಲಿಡಬಾರದೆಂಬ ಖಬರಸ್ತಾನಕ್ಕೆ ಓಡಿ, ಒಂದೇ ಸಾಲಿನಲ್ಲಿ ಒತ್ತಾಗಿ ನಿಂತು, ಗೇಟಿನಲ್ಲಿ ಅವಳನ್ನು ಅಡ್ಡಗಟ್ಟಿದರು.