ಅರ್ಧ ರೇಟಿನ ಹಡಗು

“ಬಿತ್ತು! ಇಂದ್ರಾಣಿ, ರೇಟು ಬಿತ್ತು ಕಣೇ!”

ಭಾನುವಾರ ಬೆಳಿಗ್ಗೆ ಮೊಬೈಲ್ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದ ಪ್ರೇಮ್‌ಕುಮಾರ್, ಹೆಂಡತಿ ತಿರುಗಿ ನೋಡುವಷ್ಟರಲ್ಲಿ ದುಡ್ಡು ಕಟ್ಟಿ ಮುಗಿಸಿದ್ದ. ತನಗೆ, ಹೆಂಡತಿಗೆ, ಮಗಳು ರೋಜಾಗೆ, ಅವ್ವನಿಗೆ. ಚೆನ್ನೈನಿಂದ ಹೊರಟು ಸಮುದ್ರದ ಮೇಲೆ ಸುತ್ತಾಡಿಸಿಕೊಂಡು ಬರುವ ದೊಡ್ಡ ಹಡಗು. ಅದರ ರೇಟು ಇಳಿಯಲೆಂದು ಅವನು ಬೇಸಿಗೆಯಿಂದಲೂ ಕಾಯುತ್ತಿದ್ದ. ಮುಂಚೆಯೇ ಬುಕ್ ಮಾಡಿದರೆ ಅಗ್ಗ ಎಂದು ತಾಂಡವಪುರದ ಫ್ಯಾಕ್ಟರಿಯಲ್ಲಿ ಜೊತೆಯವರೆಲ್ಲ ಹೇಳಿದರೂ ಕೇಳಿರಲಿಲ್ಲ. ಅವನ ಅಪ್ಪ ಮರಿಯಯ್ಯ ನರಸೀಪುರದ ಸಂಗಮದಲ್ಲಿ ಹರಿಗೋಲು ನಡೆಸುತ್ತಿದ್ದವನು. ಬಿಡುವ ಹೊತ್ತಿಗೆ ಜಾಗ ಉಳಿದಿದ್ದರೆ ದಡದಲ್ಲಿ ನಿಂತವರನ್ನು ಅರ್ಧ ಕಾಸಿಗೇ ಕೂಗಿ ಹತ್ತಿಸಿಕೊಳ್ಳುತ್ತಿದ್ದ. ಖಾಲಿ ಜಾಗ ಕಾಸು ಕೊಡುವುದಿಲ್ಲ. ಹರಿಗೋಲಾದರೇನು, ಹಡಗಾದರೇನು ಎನ್ನುವುದು ಪ್ರೇಮ್‌ಕುಮಾರನ ಲೆಕ್ಕ.

“ಊಟ, ತಿಂಡಿ ಎಲ್ಲ ಸೇರಿ ಅರ್ಧ ರೇಟು! ರೂಮಿಗೆ ಕಿಟಕಿ ಇಲ್ಲ, ಅಷ್ಟೆ.”

“ಯಾವತ್ತು ಹೊರಡೋದು?” ಎಂದು ಇಂದ್ರಾಣಿ ಕೈ ಒರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದಳು. ಅವನು ತಾರೀಕು ಹೇಳಿದ. ಅವಳ ಬೆರಳು ಅಲ್ಲಿಂದ ಒಂದು ಮನೆ ಮುಂದಕ್ಕೆ ಹೋಗಿ ನಿಂತಿತು. “ರೀ, ಇಲ್ನೋಡಿ. ಹೊರಟ ಮಾರನೇ ದಿನವೇ ಮಾಲಯ ಅಮಾವಾಸ್ಯೆ. ಪಿತೃಪಕ್ಷದಲ್ಲಿ ಯಾರ್ರೀ ಟೂರ್ ಹೋಗ್ತಾರೆ? ಅದಕ್ಕೇ ನಿಮಗೋಸ್ಕರ ಜಾಗ ಖಾಲಿ ಬಿಟ್ಟವ್ರೆ.”

ಪ್ರೇಮ್‌ಕುಮಾರನ ಮುಖ ಇಳಿಯಿತು. ಅಪ್ಪ ತೀರಿಕೊಂಡ ಮೇಲೆ ಆ ಅಮಾವಾಸ್ಯೆಯ ಎಡೆಯನ್ನು ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಮಂಡಿಗೆ ಆಪರೇಷನ್ ಆಗಿದ್ದಾಗಲೂ ಗೋಡೆ ಹಿಡಿದು ನಿಂತು ವಡೆ ಸುಟ್ಟು ಎಡೆ ಇಟ್ಟಿದ್ದಳು. ಇನ್ನು ಟಿಕೆಟ್ ಕ್ಯಾನ್ಸಲ್ ಮಾಡೋಣವೆಂದರೆ ಏನೂ ವಾಪಸ್ ಬರುವುದಿಲ್ಲ. ಅಗ್ಗದ ಟಿಕೆಟ್ಟಿನ ಷರತ್ತೇ ಅದು. ಓವರ್‌ಟೈಮ್ ದುಡಿದು ಕೂಡಿಸಿದ ದುಡ್ಡು. ದುಡ್ಡಾದರೂ ಹೋಗಲಿ, ಬದುಕೆಲ್ಲ ಹೊಳೆ ದಡದಲ್ಲೇ ಕಳೆದ ಅವ್ವನಿಗೆ ಒಂದು ಸಲ ಸಮುದ್ರ ತೋರಿಸಬೇಕೆಂದೇ ಇಷ್ಟೆಲ್ಲ ಕಾದದ್ದು. ಅವಳೇ ಬರುವುದಿಲ್ಲ ಎಂದುಬಿಟ್ಟರೆ?

“ಬುಕ್ ಮಾಡಿದೋರೇ ಹೋಗಿ ಹೇಳಿ. ನಾನಂತೂ ಹೇಳಲ್ಲ,” ಎಂದಳು ಇಂದ್ರಾಣಿ.

ಮರಿತಾಯಮ್ಮ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಸೊಪ್ಪು ಸೋಸುತ್ತಿದ್ದಳು. ಮಗನನ್ನು ಕಂಡದ್ದೇ, “ಏನ್ಲಾ, ನಿನ್ ದೋಣಿ ರೇಟು ಇಳೀತಾ?” ಎಂದಳು.

“ಇಳೀತು ಕಣವ್ವ. ಟಿಕೆಟ್ಟೂ ಆಯ್ತು. ಆದ್ರೆ…” ಅವನು ಕಂಬದ ಸುಣ್ಣ ಕೆರೆಯುತ್ತ ಎಲ್ಲವನ್ನೂ ಹೇಳಿದ. ಸೊಪ್ಪು ಸೋಸುತ್ತಿದ್ದ ಕೈ ನಿಂತಿತು.

“ಅಮಾಸೆ ದಿನ ಎಲ್ಲಿರ್ತೀವಿ ಅಂದೆ?”

“ಸಮುದ್ರದ ಮಧ್ಯ.”

“ಎಡೆ?”

“ಕ್ಯಾಲೆಂಡರ್ ನೋಡ್ಲೇ ಇಲ್ಲ ಕಣವ್ವ. ಅಗ್ಗಕ್ ಸಿಕ್ತಲ್ಲ ಅಂತ ಒತ್ಬುಟ್ಟೆ. ನೀನು ಬ್ಯಾಡ ಅಂದ್ರೆ ದುಡ್ಡು ಹೋಗ್ಲಿ, ಬಿಟ್ಬುಡ್ತೀನಿ.”

ಮರಿತಾಯಮ್ಮ ಸೋಸಿದ ಸೊಪ್ಪನ್ನೇ ಮತ್ತೆ ಮಗುಚಿ ನೋಡಿದಳು. ಬಾಗಿಲ ಮರೆಯಲ್ಲಿ ಇಂದ್ರಾಣಿ ಕಿವಿಗೊಟ್ಟು ನಿಂತಿದ್ದಳು.

“ಅಲ್ಲ ಕಣ್ಲಾ,” ಎಂದಳು ಮರಿತಾಯಮ್ಮ ಕೊನೆಗೆ, “ನಿಮ್ಮಪ್ಪ ಬದುಕಿದ್ದಾಗ ಯಾವ್ ಮಾಲಯ ಅಮಾಸೇಲಿ ಮನೇಲಿ ಕುಂತ್ಕಂಡು ಉಂಡವ್ನೆ, ಹೇಳು ನೋಡ್ವ. ಊರೂರಿಂದ ಜನ ಅವರವರ ಇರೀಕರಿಗೆ ನೀರು ಬಿಡಾಕೆ ಸಂಗಮಕ್ಕೆ ಬರೋರು. ಅವತ್ತು ಅರಿಗೋಲು ದಡದಲ್ಲಿ ನಿಂತ್ರೆ ತಾನೆ? ನಾನೇ ಬುತ್ತಿ ಕಟ್ಕಂಡೋಗಿ ಮೊಣಕಾಲುದ್ದ ನೀರಲ್ಲಿ ನಿಂತ್ಕಂಡು ಕೊಟ್ಟು ಬರ್ತಿದ್ದೆ. ಅಮಾಸೆ ಊಟ ಅಂದ್ರೆ ಅವುನ್ಗೆ ನೀರ್ ಮೇಲೇನೆ. ಇಲ್ಲಿ ಮನೇಲಿ ಎಡೆ ಇಕ್ಕಿದಾಗ್ಲೆಲ್ಲ ನಂಗೆ ಅದೇ ಅನುಮಾನ. ಇಲ್ಲಿಗೆ ಬಂದವ್ನೋ, ಇಲ್ಲ ಅಲ್ಲೇ ಜನ ದಾಟಿಸ್ತಾ ಅವ್ನೋ ಅಂತ.”

“ಅಂದ್ರೆ… ನೀನು ಬತ್ತೀಯಾ ಅವ್ವ?”

“ಊಟದ್ ಕಾಸೂ ಸೇರೈತೆ ಅಂತ ಒಳಗೆ ಕೂಗಾಡ್ತಿದ್ದಲ್ಲ, ಕೇಳಿದಷ್ಟು ಇಕ್ತಾರಾ?”

“ಸಾಕು ಅನ್ನೋಗಂಟ ಇಕ್ತಾರೆ.”

“ಮತ್ತಿನ್ನೇನ್ಲಾ? ಒಂದು ಬಾಳೆ ಎಲೆ ಚೀಲದಲ್ಲಿ ಮಡೀಕೊಂಡ್ರಾಯ್ತು. ಮೊದ್ಲು ಅವುನ್ಗೆ ಎಡೆ, ಆಮೇಲೆ ನಾವು ಉಣ್ಣದು. ಅವುನ್ಗೂ ಟಿಕೀಟು ತಗೀಬೇಕಂತಾ?”

ಇಂದ್ರಾಣಿ ಬಾಗಿಲ ಮರೆಯಿಂದಲೇ ನಕ್ಕುಬಿಟ್ಟಳು. “ಇಲ್ಲ ಅತ್ತೆ, ಮಾವನೋರಿಗೆ ಫ್ರೀ!”

ಪ್ರೇಮ್‌ಕುಮಾರ್ ಕಂಬಕ್ಕೊರಗಿ ಕೂತ. ಆಗಲೇ ಆರಿಹೋಗಿದ್ದ ಕಾಫಿಯನ್ನು ಇಂದ್ರಾಣಿ ತಂದುಕೊಟ್ಟರೆ, ಬಿಸಿ ಮಾಡು ಎನ್ನುವುದನ್ನೂ ಮರೆತು ಒಂದೇ ಗುಟುಕಿಗೆ ಕುಡಿದ.

ಮರಿತಾಯಮ್ಮ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಮಂಚದ ಕೆಳಗಿನಿಂದ ಏನೇನೋ ಎಳೆದಾಡುವ ಸದ್ದು ಬಂತು. ವಾಪಸ್ ಬಂದಾಗ ಅವಳ ಕೈಯಲ್ಲಿ ನಗ್ಗಿಹೋದ ತಗಡಿನ ಡಬ್ಬಿಯಿತ್ತು. ಹರಿಗೋಲಿನೊಳಗೆ ತುಂಬಿದ ನೀರನ್ನು ಮೊಗೆದು ಹೊರಗೆ ಚೆಲ್ಲಲು ಮರಿಯಯ್ಯ ಇಟ್ಟುಕೊಂಡಿದ್ದ ಡಬ್ಬಿ. ಸೆರಗಿನಿಂದ ಧೂಳು ಒರೆಸಿ ಮಗನ ಮಡಿಲಿಗೆ ಹಾಕಿದಳು.

“ಇದ್ಯಾಕವ್ವ?”

“ಅರ್ಧ ಕಾಸಿಗೆ ಹತ್ತಿದೋರ ಕೈಗೆ ನಿಮ್ಮಪ್ಪ ಇದನ್ನೇ ಕೊಡ್ತಿದ್ದದ್ದು. ಮಡೀಕೋ, ನಿನ್ ದೋಣಿಯೋನೂ ನೀರು ಚೆಲ್ಲು ಅಂದಾನು.”